ನೀವು ಯಾವ ಕಡೆ?

ಆ ಮನುಷ್ಯ ತಲೆಗೆ ರಟ್ಟಿನ ಡಬ್ಬ ಹಾಕಿಕೊಂಡಿದ್ದ.

ತಲೆ ಮೇಲೆ ಹೊತ್ತುಕೊಂಡಿದ್ದ ಅಂತಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ಡಬ್ಬದೊಳಗೇ. ಕತ್ತಿನಿಂದ ಕೆಳಗೆ ಮಾತ್ರ ಮನುಷ್ಯ. ಅದೇ ಅವತಾರದಲ್ಲಿ ಗೋಡೆಗೆ ಎದೆ ಕೊಟ್ಟು ನಡೆಯುತ್ತಲೇ ಇದ್ದ. ಗೋಡೆ ದಾರಿ ಬಿಡಲೊಲ್ಲದು, ಇವನು ನಡಿಗೆ ನಿಲ್ಲಿಸಲೊಲ್ಲ!

ಕವನಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದ ಕಂಪ್ಯೂಟರಿನಲ್ಲಿ ಪರೀಕ್ಷೆಯ ರಿಸಲ್ಟ್ ನೋಡುತ್ತಿದ್ದ ಹುಡುಗಿಯರು ಇವಳಿಗೇನಾಯಿತೆಂದು ತಿರುಗಿ ನೋಡಿದರು.

ನಗು ನುಂಗಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು: 'ಸಾರ್, ಅಂಗಿ ಡಬ್ಬದ ಒಳಗಿದೆ. ನೀವು ಡಬ್ಬವನ್ನೇ ತೊಟ್ಟುಕೊಂಡಿದ್ದೀರಿ.'

ಆಮೇಲೆ ತೆರೆಯ ಮೇಲೆ ಒಂದೇ ಒಂದು ಪದ ಮೂಡಿತು.

'ಅಯ್ಯೋ.'

ಕವನಾಳ ಬೆರಳು ನಿಂತೇಹೋಯಿತು. ಯಾವ ಯಾವುದೋ ದೇಶದ ಜನ ಓಡಾಡುವ ಆ ಜಾಗದಲ್ಲಿ ಅವಳು ಅದುವರೆಗೆ ಒಂದು ಅಯ್ಯೋ ಕೇಳಿದವಳಲ್ಲ.

'ಅಯ್ಯೋ ಅಂದ್ರೆ ಆಗಲ್ಲ. ಡಬ್ಬದ ಮೇಲೆ ಒತ್ತಿ. ತೆಗೆ ಅಂತ ಬರತ್ತೆ' ಎಂದು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಳು.

'ಯಾರು ಮಾತಾಡಿದ್ದು? ಗೋಡೆನಾ?'

'ಗೋಡೆ ಅಲ್ಲ. ನಿಮ್ಮ ಹಿಂದೆ ನಿಂತಿರೋ ಗೈಡ್.'

ಡಬ್ಬ ಮಾಯವಾಯಿತು. ಗುಂಗುರು ಕೂದಲಿನ ಒಂದು ಗೊಂಬೆ ಮುಖ ತಿರುಗಿ ಅವಳನ್ನೇ ನೋಡಿತು. ತಲೆಯ ಮೇಲೆ ಹೆಸರು ತೇಲುತ್ತಿತ್ತು: ಗಿರಿಗಿಟ್ಲೆ.

ಕಂಪ್ಯೂಟರಿನೊಳಗಿನ ಗೊಂಬೆ ನೋಡಿದರೆ ಎದೆ ಯಾಕೆ ಹೊಡೆದುಕೊಳ್ಳಬೇಕು? ಆದರೂ ಹೊಡೆದುಕೊಂಡಿತು.

*

ಇದು ಎರಡು ಸಾವಿರದ ಎಂಟರ ಮಾತು. ಮೆರಿಡಿಯಾ ಅಂತ ಇಂಟರ್ನೆಟ್ಟಿನಲ್ಲಿ ಒಂದು ಲೋಕವಿತ್ತು. ಅದರೊಳಗೆ ಬೆಟ್ಟ, ಹೊಳೆ, ಬೀದಿ, ಅಂಗಡಿ ಎಲ್ಲ ಉಂಟು. ಒಳಗೆ ಹೋಗುವವರು ಒಂದು ಗೊಂಬೆ ಆರಿಸಿಕೊಳ್ಳಬೇಕು, ಬೇಕಾದ ಹೆಸರಿಡಬೇಕು. ಆಮೇಲೆ ನಡೆಯಬಹುದು, ಹಾರಬಹುದು, ಎದುರಿಗೆ ಸಿಕ್ಕ ಗೊಂಬೆಯ ಜೊತೆ ಟೈಪ್ ಮಾಡಿ ಮಾತಾಡಬಹುದು. ಆ ಗೊಂಬೆಯ ಹಿಂದೆ ಎಲ್ಲೋ ಒಬ್ಬ ನಿಜವಾದ ಮನುಷ್ಯ ಕುರ್ಚಿ ಮೇಲೆ ಕೂತಿರುತ್ತಾನೆ.

ಹೊಸಬರು ಬಂದು ಇಳಿಯುವ ಜಾಗವೊಂದಿತ್ತು. ಕವನಾ ಅದಕ್ಕೆ 'ಕಟ್ಟೆ' ಎಂದು ಹೆಸರಿಟ್ಟಿದ್ದಳು. ಕಟ್ಟೆಯ ಮೇಲೆ ಇಳಿದವರೆಲ್ಲ ಮೊದಲು ಮಾಡುವ ಕೆಲಸ ಗೋಡೆಗೆ ಗುದ್ದುವುದು, ಇಲ್ಲವೇ ನೀರಿಗೆ ಬೀಳುವುದು. ಅವರ ಕೈಹಿಡಿದು ದಾರಿ ತೋರಿಸಲು ಕೆಲವರು ಸಂಬಳವಿಲ್ಲದ ಗೈಡುಗಳಿದ್ದರು. ಅವರಲ್ಲಿ 'ಬೆಳ್ಳಕ್ಕಿ' ಎಂಬ ಹೆಸರಿನ ಗೊಂಬೆ ನಮ್ಮ ಕವನಾ.

ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಪರಮಶಿವಯ್ಯನವರ ಬ್ರೌಸಿಂಗ್ ಸೆಂಟರಿನಲ್ಲಿ ಅವಳಿಗೆ ಕೆಲಸ. ಮಧ್ಯಾಹ್ನ ಗಿರಾಕಿಗಳು ಕಡಿಮೆ. ಮೂಲೆಯ ಒಳ್ಳೆ ಕಂಪ್ಯೂಟರ್ ಆಗ ಅವಳದೇ.

"ಸಂಬ್ಳ ಇಲ್ದೆ ದಾರಿ ತೋರ್ಸ್‌ತೀಯಲ್ಲವ್ವ, ನಿಂಗೇನ್ ಲಾಭ?" ಎಂದು ಪರಮಶಿವಯ್ಯ ಕೇಳುತ್ತಿದ್ದರು.

"ಕಾಲೇಜಿಗೆ ಅಂತ ಮೊದಲನೇ ಸಲ ಹಾಸನಕ್ಕೆ ಬಂದಾಗ ವಾಪಸ್ ಹೋಗೋ ಬಸ್ ಗೊತ್ತಾಗದೆ ಅರಕಲಗೂಡಿಗೆ ಹೋಗಿಬಿಟ್ಟಿದ್ದೆ ಸಾರ್. ಯಾರೋ ಒಬ್ಬಮ್ಮ ಕೈ ಹಿಡ್ಕೊಂಡು ವಾಪಸ್ ಬಸ್ ಹತ್ತಿಸಿದ್ರು. ಅದಕ್ಕೇ."

ಅದು ನಿಜ. ಆದರೆ ಪೂರ್ತಿ ನಿಜವಲ್ಲ.

ಪೂರ್ತಿ ನಿಜ ಏನೆಂದರೆ, ಮೆರಿಡಿಯಾದ ಗೈಡುಗಳಿಗೆ ಒಂದು ನಿಯಮವಿತ್ತು. ಬಂದವರನ್ನು ಯಾರು, ಎಲ್ಲಿಯವರು ಎಂದು ಕೇಳಕೂಡದು. ಬಂದವರೂ ಗೈಡನ್ನು ಕೇಳಕೂಡದು, ಗೈಡು ತಾನಾಗಿ ಹೇಳಲೂಕೂಡದು. ಆ ನಿಯಮ ಓದಿದ ದಿನ ಕವನಾಳ ಕಣ್ಣು ತುಂಬಿಬಂದಿತ್ತು.

ಯಾಕೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಸನದಲ್ಲಿ ಅವಳು ಬಾಡಿಗೆ ರೂಮು ಹುಡುಕಿದ ದಿನಗಳಲ್ಲಿ ಎಲ್ಲ ಮನೆಯೊಡತಿಯರೂ ನಗುನಗುತ್ತಲೇ ಬಾಗಿಲು ತೆಗೆದಿದ್ದರು. ಕಾಫಿ ಬೇಕಾ ಎಂದೂ ಕೇಳಿದ್ದರು. ಆಮೇಲೆ ಮೆಲ್ಲಗೆ, "ಯಾವ ಕಡೆಯೋರಮ್ಮ ನೀವು?"

"ಬಾಗೂರು ಕಡೆ."

"ಅದಲ್ಲಮ್ಮ... ಯಾವ ಕಡೆಯೋರು ಅಂದೆ."

ಅವಳು ಹೇಳುತ್ತಿದ್ದಳು. ರೂಮು ನಿನ್ನೆಯೇ ಯಾರಿಗೋ ಹೋಗಿರುತ್ತಿತ್ತು. ಕಾಫಿಯೂ ಒಳಗೇ ಉಳಿಯುತ್ತಿತ್ತು.

ಅಂದಿನಿಂದ 'ಯಾವ ಕಡೆ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವಳ ಹೊಟ್ಟೆಯೊಳಗೆ ಏನೋ ಬಿಗಿದುಕೊಳ್ಳುತ್ತಿತ್ತು. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಹೆದರಿಕೆ.

*

ಗಿರಿಗಿಟ್ಲೆ ಮರುದಿನವೂ ಬಂದ. ಅದರ ಮರುದಿನವೂ.

ನಡೆಯುವುದು ಕಲಿತ, ಕುರ್ಚಿ ಮೇಲೆ ಕೂರುವುದು ಕಲಿತ. ಹಾರುವುದು ಕಲಿತು ಇಳಿಯುವುದು ಮರೆತು ಗೋಪುರಕ್ಕೆ ಸಿಕ್ಕಿಕೊಂಡ. ಅಪರಿಚಿತರು ಕೊಟ್ಟ ವಸ್ತು ತೆಗೆದುಕೊಳ್ಳಬೇಡಿ ಎಂದು ಎಷ್ಟು ಹೇಳಿದರೂ ಯಾರೋ ಕೊಟ್ಟ ಕತ್ತೆ ಬಾಲ ಹಾಕಿಕೊಂಡು ಬಂದ.

'ಇದು ತೆಗೆಯೋದು ಹೇಗೆ?'

'ಇರಲಿ ಬಿಡಿ. ನಿಮಗೆ ಒಪ್ಪತ್ತೆ.'

'ಗೈಡ್ ಆದೋರು ಹೀಗೆಲ್ಲ ಆಡಬಾರದು.'

'ಬಾಲ ಇರೋರು ಗೈಡಿಗೆ ಬುದ್ಧಿ ಹೇಳಬಾರದು.'

ಒಂದು ವಿಚಿತ್ರ ಅಭ್ಯಾಸ ಅವನದು. ಎಲ್ಲಿಗೆ ಕರೆದುಕೊಂಡು ಹೋದರೂ ಮೊದಲು, 'ಇಲ್ಲಿ ಪೂರ್ವ ಎಲ್ಲಿ?' ಎನ್ನುತ್ತಿದ್ದ. ಆ ಲೋಕದಲ್ಲಿ ಸೂರ್ಯನನ್ನು ಬೇಕಾದ ಕಡೆ ನಿಲ್ಲಿಸಿಕೊಳ್ಳಬಹುದೆಂದು ಅವಳು ಹೇಳಿದಾಗ ಅವನಿಗೆ ನಿಜಕ್ಕೂ ಬೇಜಾರಾಯಿತು.

'ಹಾಗಾದ್ರೆ ಜನ ಹೇಗೆ ಬದುಕ್ತಾರೆ ಇಲ್ಲಿ?'

'ಒಬ್ಬರನ್ನೊಬ್ಬರು ಕೇಳ್ಕೊಂಡು.'

'ಇಲ್ಲಿ ಒಂದು ಚೆನ್ನಾಗಿದೆ ಬೆಳ್ಳಕ್ಕಿಯವರೇ' ಎಂದು ಒಂದು ದಿನ ಬರೆದ. 'ಯಾರೂ ಯಾರ ಹೊಲದ ಬದುನೂ ಒತ್ತಿಲ್ಲ. ನಾನು ಬೆಳಿಗ್ಗೆಯೆಲ್ಲ ಜಗಳದ ಮಧ್ಯೆ ನಿಂತಿರ್ತೀನಿ. ಇಲ್ಲಿಗೆ ಬಂದ್ರೆ ಉಸಿರಾಡೋ ಹಾಗಾಗತ್ತೆ.'

ನನಗೂ... ಎಂದು ಬರೆದು ಕವನಾ ಅಳಿಸಿಬಿಟ್ಟಳು. ಬರೆದರೆ ಯಾಕೆ ಎಂದು ಕೇಳುತ್ತಾನೆ. ಹೇಳಬೇಕಾಗುತ್ತದೆ.

ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ. ಆದರೂ ಮಧ್ಯಾಹ್ನವಾಗುತ್ತಿದ್ದಂತೆ ಅವಳ ಕಣ್ಣು ಗೋಡೆ ಗಡಿಯಾರಕ್ಕೆ ಹೋಗುತ್ತಿತ್ತು. ತಡವಾದರೆ ಸಿಡುಕು, ಬಂದರೆ ಹುಸಿ ಗಾಂಭೀರ್ಯ. ಪ್ರೀತಿಗೆ ಇನ್ನೇನು ಲಕ್ಷಣ ಬೇಕು ಹೇಳಿ?

*

'ನಾಳೆ ಹೊಳೆ ಸೇತುವೆ ಹತ್ರ ಸಿಕ್ತೀರಾ?' ಒಂದು ದಿನ ಅವನು ಬರೆದ. 'ಒಂದು ಮಾತು ಕೇಳಬೇಕು. ಕಟ್ಟೆ ಮೇಲೆ ಎಲ್ಲರ ಮುಂದೆ ಬೇಡ.'

ಮರುದಿನ ಕವನಾ ತಲೆಗೆ ನೀರು ಹಾಕಿಕೊಂಡು, ಹಬ್ಬಕ್ಕೆ ತೆಗೆದಿದ್ದ ಹಸಿರು ಚೂಡಿದಾರ ತೊಟ್ಟು ಕೆಲಸಕ್ಕೆ ಬಂದಳು. ಅವನಿಗೆ ಕಾಣುವುದು ಗೊಂಬೆಯ ಬಟ್ಟೆ, ತನ್ನದಲ್ಲ ಎನ್ನುವುದು ಕಂಪ್ಯೂಟರ್ ಮುಂದೆ ಕೂತ ಮೇಲೆ ಹೊಳೆಯಿತು. ತನ್ನಷ್ಟಕ್ಕೆ ತಾನೇ ನಾಚಿಕೊಂಡಳು.

ಅವತ್ತೇ ಇಂಟರ್ನೆಟ್ಟಿಗೆ ಗ್ರಹಚಾರ. ಲೈನು ತೆವಳುತ್ತಿತ್ತು. ಹೊಳೆ ಮೂಡಿತು, ಸೇತುವೆ ಅರ್ಧ ಮೂಡಿತು. ಉಳಿದದ್ದೆಲ್ಲ ಬರೀ ಬಿಳಿ ಮಂಜು.

'ಬಂದೆ' ಎಂದು ಅವನ ಅಕ್ಷರ ಕಾಣಿಸಿತು. ಅವನು ಕಾಣಿಸಲಿಲ್ಲ.

'ನಾನೂ ಬಂದಿದ್ದೀನಿ. ಏನೋ ಕೇಳಬೇಕು ಅಂದ್ರಿ...'

'ಹೌದು. ಅದಕ್ಕೆ ಮುಂಚೆ ಒಂದು ಹೇಳಿ. ನೀವು ಯಾವ ಕಡೆ?'

ಕವನಾ ಆ ಸಾಲನ್ನು ಓದಿದಳು. ಇನ್ನೊಮ್ಮೆ ಓದಿದಳು.

ಇವನೂ ಅಷ್ಟೇನಾ? ಇಷ್ಟು ದಿನ ನಗಿಸಿದ್ದು, ಕತ್ತೆ ಬಾಲ ಹಾಕಿಕೊಂಡು ಕುಣಿದದ್ದು, ಎಲ್ಲ ಆಗಿ ಕೊನೆಗೆ ಇದೇ ಬಾಗಿಲಿಗೆ ತಂದು ನಿಲ್ಲಿಸಿದನಾ?

'ಯಾಕೆ?' ಎಂದಷ್ಟೇ ಬರೆದಳು.

'ಅದು ಗೊತ್ತಾಗದೆ ನಾನು ಮುಂದಕ್ಕೆ ಬರೋದು ಹೇಗೆ?'

ಅಲ್ಲಿಗೆ ಮುಗಿಯಿತು. ಮನೆಯೊಡತಿಯರಾದರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಅವಳು ಬರೆಯುವಾಗ ಅಕ್ಷರ ಒಂದೂ ತಪ್ಪಲಿಲ್ಲ.

'ನಾನು ಆ ಕಡೆ. ನಿಮ್ಮ ಕಡೆ ಅಲ್ಲ.'

ಅವನು ಏನು ಬರೆದನೋ ನೋಡಲಿಲ್ಲ. ಕಂಪ್ಯೂಟರ್ ಆರಿಸಿ ಎದ್ದು ಹೋಗಿ, ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಾ ನಿಂತಳು. ಎಷ್ಟು ಒರೆಸಿಕೊಂಡರೂ ಮುಖ ಒದ್ದೆಯಾಗಿಯೇ ಇತ್ತು.

*

ಭಾನುವಾರ ಊರಿಗೆ ಹೋದಳು. ಬಾಗೂರಿನ ಪಕ್ಕದ ಹಳ್ಳಿ. ಅಪ್ಪ ಗುಂಡಯ್ಯ ಪಂಚಾಯ್ತಿಯ ವಾಟರ್‌ಮನ್. ಬೆಳಿಗ್ಗೆ ವಾಲ್ವ್ ತಿರುಗಿಸಿ ಊರಿಗೆಲ್ಲ ನೀರು ಬಿಡುವವನು ಅವನೇ. ಅದೇ ನೀರನ್ನು ಅವನು ಲೋಟದಲ್ಲಿ ಕೊಟ್ಟರೆ ಮಾತ್ರ ಕೆಲವರಿಗೆ ಬಾಯಾರಿಕೆಯೇ ಹೋಗಿಬಿಡುತ್ತದೆ!

ಮಗಳು ಬುದ್ಧನ ಪಟದ ಕೆಳಗೆ ಮಂಕಾಗಿ ಕೂತಿದ್ದನ್ನು ತಾಯಿ ಮುದ್ದಮ್ಮ ಒಲೆಯ ಮುಂದಿನಿಂದಲೇ ಗಮನಿಸಿದಳು.

"ಯಾಕವ್ವ ಅಂಗೆ ಕುಂತಿದ್ದೀಯ? ಯಾರೇನಂದ್ರು?"

"ಯಾರೂ ಏನೂ ಅಂದಿಲ್ಲ ಕಣವ್ವ. ಯಾವ ಕಡೆ ಅಂತ ಕೇಳಿದ್ರು."

ಮುದ್ದಮ್ಮ ರೊಟ್ಟಿ ತಿರುವಿ ಹಾಕಿದಳು. "ಯಾರು? ಗಂಡ್ಸಾ?"

ಕವನಾ ಮುಖ ಪಕ್ಕಕ್ಕೆ ತಿರುಗಿಸಿದಳು. ತಾಯಿಗೆ ಅಷ್ಟು ಸಾಕಾಯಿತು.

"ನೀ ಏನಂದೆ?"

"ನಿಮ್ ಕಡೆ ಅಲ್ಲ ಅಂದೆ. ಅಂದು ಎದ್ ಬಂದೆ."

"ಅಯ್ಯ, ಎದ್ ಬಂದ್ಬುಟ್ರೆ ಎಂಗವ್ವ? ತೆಪ್ಪು ಮಾಡ್ದೋರಂಗೆ." ಮುದ್ದಮ್ಮ ಬಂದು ಮಗಳ ಪಕ್ಕ ಕೂತಳು. "ನೋಡು, ಅವ್ರ ಕೈಲಿ ಕೇಳುಸ್ಕಂಡು ನಾವು ಯೋಳೋದು ಒಂದು. ಯಾರೂ ಕೇಳೋಕ್ ಮುಂಚೆ ನಾವೇ ತಲೆ ಎತ್ತಿ ಯೋಳೋದು ಒಂದು. ನಿಮ್ಮಪ್ಪ ನನ್ನ ನೋಡಾಕ್ ಬಂದಾಗ ನಾನೇ ಮೊದ್ಲು ಯೋಳ್ದೆ, ನಂಗೆ ಕೋಪ ಜಾಸ್ತಿ ಅಂತ. ಬೇಕಾದ್ರೆ ಕುಂತ್ಕೊ, ಬ್ಯಾಡ್ದಿದ್ರೆ ಓಗು ಅಂದೆ."

"ಅಪ್ಪ ಏನಂದ?"

"ಏನಂದಾನು? ಇನ್ನೂ ಇಲ್ಲೇ ಕುಂತವ್ನೆ."

ಜಗಲಿಯ ಮೇಲೆ ಗುಂಡಯ್ಯ ಕೆಮ್ಮಿದ. ಕವನಾಳಿಗೆ ಎಷ್ಟೋ ದಿನದ ಮೇಲೆ ನಗು ಬಂತು.

*

ಆದರೂ ಮೆರಿಡಿಯಾದ ಕಡೆ ತಲೆ ಹಾಕಲಿಲ್ಲ. ಮೂಲೆಯ ಕಂಪ್ಯೂಟರನ್ನು ಗಿರಾಕಿಗಳಿಗೆ ಬಿಟ್ಟುಕೊಟ್ಟಳು. ಅವನ ಮೇಲಿನ ಸಿಟ್ಟು ತಡೆಯುವುದು ಒಂದು ಕಡೆ, ಅವನಿಲ್ಲದ ಮಧ್ಯಾಹ್ನ ಕಳೆಯುವುದು ಇನ್ನೊಂದು ಕಡೆ. ಯಾವುದು ಹೆಚ್ಚು ಕಷ್ಟ ಎಂದು ಅವಳಿಗೇ ತಿಳಿಯಲಿಲ್ಲ.

ದಸರೆ ಕಳೆದ ಮೇಲೆ ಒಂದು ಇಮೇಲ್ ಬಂತು. ಪೋರ್ಚುಗಲ್ಲಿನ ರೋಸಾ ಎಂಬ ಅಜ್ಜಿ, ಅವಳೂ ಅಲ್ಲಿ ಗೈಡು, ಬರೆದಿದ್ದಳು.

'ನಿನ್ನ ಹೊಸಬ ಸೇತುವೆಯ ಆಚೆ ತುದಿಯಲ್ಲಿ ನಿಂತಿರುತ್ತಾನೆ ಮಗೂ. ದಿನಾ ಬರುತ್ತಾನೆ. ಸಹಾಯ ಬೇಕಾ ಎಂದರೆ ಬೇಡ, ನನ್ನ ಗೈಡು ಇಲ್ಲಿಗೇ ಬರಲು ಹೇಳಿದ್ದಾರೆ ಅನ್ನುತ್ತಾನೆ. ತಲೆಗೆ ಡಬ್ಬ ಹಾಕಿಕೊಂಡಿದ್ದಾನೆ. ತೆಗೆಯಲು ಹೇಳಿದರೆ, ಹೀಗಿದ್ದರೇ ಅವರಿಗೆ ಗುರುತು ಸಿಗುವುದು ಎಂದ.'

ಕವನಾ ಓದುತ್ತಾ ಓದುತ್ತಾ ಒಂದು ಮಾತಿನ ಹತ್ತಿರ ನಿಂತುಬಿಟ್ಟಳು.

ಆಚೆ ತುದಿಯಲ್ಲಿ... ಆ ಕಡೆ!

'ನಾನು ಆ ಕಡೆ. ನಿಮ್ಮ ಕಡೆ ಅಲ್ಲ.'

ಕುರ್ಚಿ ಎಳೆದುಕೊಂಡು ಕೂತಳು. ಆತುರಕ್ಕೆ ಪಾಸ್‌ವರ್ಡ್ ತಪ್ಪಿತು, ಮತ್ತೆ ಹೊಡೆದಳು. ಹೊಳೆ ಮೂಡಿತು. ಸೇತುವೆ ಈ ಸಲ ಪೂರ್ತಿ ಮೂಡಿತು. ಅದರ ಆಚೆ ತುದಿಯಲ್ಲಿ ಕೈಕಟ್ಟಿಕೊಂಡು, ರಟ್ಟಿನ ಡಬ್ಬದ ತಲೆಯ ಒಬ್ಬ ಮನುಷ್ಯ.

'ಬೆಳ್ಳಕ್ಕಿಯವರೇ!' ಅವನ ಅಕ್ಷರಗಳು ಒಂದರ ಮೇಲೊಂದು ಬಿದ್ದವು. 'ಅವತ್ತು ಮಂಜು ಕವಿದಿತ್ತು. ನೀವು ಸೇತುವೆಯ ಯಾವ ಕಡೆ ನಿಂತಿದ್ದೀರಿ ಅಂತ ಕಾಣಲಿಲ್ಲ. ಆ ಕಡೆ ಅಂದ್ರಿ. ನಡೆಯೋ ಆತುರದಲ್ಲಿ ಹೊಳೆಗೆ ಬಿದ್ದೆ. ಎದ್ದು ಬರೋ ಹೊತ್ತಿಗೆ ನೀವಿರಲಿಲ್ಲ. ತಡ ಮಾಡಿದ್ದಕ್ಕೆ ಕೋಪ ಬಂತಾ?'

ಕವನಾ ನಗುತ್ತಿದ್ದಳು. ಕಣ್ಣೀರು ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ಪಾಪ, ಅವನು ದಾರಿ ಕೇಳಿದ್ದ. ಗೈಡಾಗಿ, ದಾರಿ ಕೇಳಿದವನಿಗೆ ಹೇಳದೆ ಎದ್ದು ಬಂದಿದ್ದಳು ಅವಳು.

ಇಲ್ಲಿಗೆ ಸುಮ್ಮನಾಗಿಬಿಡಬಹುದಿತ್ತು. ಅವನು ಕೇಳಿಲ್ಲ, ಕೇಳುವವನೂ ಅಲ್ಲ. ಗೊಂಬೆಗಳಾಗಿಯೇ ಹಾರಾಡಿಕೊಂಡು ಇರಬಹುದಿತ್ತು. ಆದರೆ ಅವ್ವನ ಮಾತು ಎದೆಯೊಳಗೆ ಕೂತುಬಿಟ್ಟಿತ್ತಲ್ಲ. ಮೆರಿಡಿಯಾದ ನಿಯಮವನ್ನು ಅವಳು ಅವತ್ತು ತಾನಾಗಿಯೇ ಮುರಿದಳು.

'ನಿಮಗೆ ಒಂದು ವಿಷಯ ಹೇಳಬೇಕು. ಇಲ್ಲಿ ಬೇಡ. ಎದುರಿಗೆ ಕೂತು. ನಾನು ಹಾಸನದಲ್ಲಿದ್ದೀನಿ.'

ಬರೆದು ಕಳಿಸಿ ತೆರೆಯನ್ನೇ ನೋಡುತ್ತಾ ಕೂತಳು. ಹೆದರಿಬಿಟ್ಟನಾ?

'ಹಾಸನ?' ಕೊನೆಗೂ ಬಂತು. 'ನಾನು ಹೊಳೆನರಸೀಪುರ. ಅಯ್ಯೋ.'

*

ಅವಳು ಹೇಳಿದ್ದಂತೆ ಬುಧವಾರ ಮಧ್ಯಾಹ್ನ ಬ್ರೌಸಿಂಗ್ ಸೆಂಟರಿನ ಬಾಗಿಲಲ್ಲಿ ಬಿಸ್ಕತ್ತಿನ ರಟ್ಟಿನ ಡಬ್ಬ ತಲೆಗೆ ಹಾಕಿಕೊಂಡ ಒಬ್ಬ ಎತ್ತರದ ಗಂಡಸು ಬಂದು ನಿಂತ. ನೋಡಲು ಎರಡು ತೂತು ಮಾಡಿಕೊಂಡಿದ್ದ. ಒಂದು ಸ್ವಲ್ಪ ಮೇಲಾಗಿತ್ತು.

ಪರಮಶಿವಯ್ಯ ಕನ್ನಡಕ ಸರಿಮಾಡಿಕೊಂಡರು. "ಏನಯ್ಯ ಇದು? ನಾಟಕದ ಕಂಪ್ನಿ ಅಂದ್ಕಂಡ್ಯಾ?"

"ಗೈಡ್ ಬೇಕಾಗಿತ್ತು ಸಾರ್" ಎಂದಿತು ಡಬ್ಬ.

ಕವನಾ ಎದ್ದು ಬಂದಳು. ಕಾಲು ನೆಲದ ಮೇಲಿರಲಿಲ್ಲ. ಮೊದಲ ಸಲ ಕೇಳುತ್ತಿರುವ ದನಿ, ಆದರೆ ಎಷ್ಟು ದಿನದ ಪರಿಚಯ!

"ಡಬ್ಬದ ಮೇಲೆ ಒತ್ತಿ. ತೆಗೆ ಅಂತ ಬರತ್ತೆ" ಎಂದಳು.

"ಇದು ಹಾಗೆ ಬರಲ್ಲ. ನೀವೇ ತೆಗೀಬೇಕು."

ಎರಡೂ ಕೈಯಿಂದ ಮೆಲ್ಲಗೆ ಎತ್ತಿದಳು. ಒಳಗೆ ಗುಂಗುರು ಕೂದಲೇನೂ ಇರಲಿಲ್ಲ. ಬಿಸಿಲಿಗೆ ಕಂದಿದ ಮುಖ, ಬೆವರಿದ ಹಣೆ, ಹೆದರಿದ ಎರಡು ಕಣ್ಣು.

"ನಾನು ಕೇದಾರ್" ಎಂದ. "ಸರ್ವೇಯರ್. ಜಮೀನು ಅಳೆಯೋನು. ಎಲ್ಲಿಗೆ ಹೋದ್ರೂ ಮೊದಲು ದಿಕ್ಕು ಕೇಳೋದು ಅಭ್ಯಾಸ ಆಗಿಹೋಗಿದೆ."

ಹೊರಗಿನ ಬೆಂಚಿನ ಮೇಲೆ ಕೂತರು. ನಡುವೆ ಡಬ್ಬ.

ಕವನಾ ತಲೆ ತಗ್ಗಿಸಲಿಲ್ಲ. "ನಾನು ಬಾಗೂರು ಪಕ್ಕದ ಹಳ್ಳಿಯ ಗುಂಡಯ್ಯನ ಮಗಳು. ನಮ್ಮ ಬೀದಿ ಊರಿನ ಕೊನೆಗಿದೆ. ಮನೇಲಿ ಬುದ್ಧನ ಪಟ ಇದೆ, ಬಾಬಾಸಾಹೇಬರ ಪಟ ಇದೆ. ಅರ್ಥ ಆಯ್ತಲ್ಲ? ಅವತ್ತು ನೀವು ಯಾವ ಕಡೆ ಅಂದಾಗ ನಾನು ತಿಳ್ಕೊಂಡಿದ್ದು ಇದನ್ನ."

ಕೇದಾರನ ಮುಖ ಬಿಳಿಚಿಕೊಂಡಿತು. ತಾನು ಅವತ್ತು ಬರೆದ ಎರಡು ಸಾಲನ್ನೂ ಅವನು ಮನಸ್ಸಿನಲ್ಲೇ ಮತ್ತೆ ಓದುತ್ತಿದ್ದ. ಗೊತ್ತಾಗದೆ ಮುಂದಕ್ಕೆ ಬರೋದು ಹೇಗೆ...

"ಅದನ್ನ ಓದಿ ನೀವು..." ಎಂದು ಹಣೆ ಹಿಡಿದುಕೊಂಡ.

"ಅದು ಬಿಡಿ. ಅವರು ಕೇಳಿದ ಮೇಲೆ ಹೇಳೋದು ಬೇರೆ, ನಾವೇ ಮೊದಲು ಹೇಳೋದು ಬೇರೆ ಅಂತಾಳೆ ನಮ್ಮವ್ವ. ಅದಕ್ಕೇ ನಾನೇ ಹೇಳಿದೆ. ಈಗ ಹೇಳಿ. ಮುಂದಕ್ಕೆ ಬರೋಕ್ಕೆ ಆಗತ್ತಾ?"

ಅವನು ಥಟ್ಟನೆ ಹೂಂ ಅನ್ನಲಿಲ್ಲ. ಅದು ಅವಳಿಗೆ ಹಿಡಿಸಿತು.

"ನಮ್ಮಪ್ಪ ನಂಜುಂಡಯ್ಯ, ದೇವಸ್ಥಾನದ ಪೂಜೆ ನಮ್ಮ ಮನೆತನದ್ದು. ಸುಲಭ ಅಂತ ಸುಳ್ಳು ಹೇಳಲ್ಲ. ಅಪ್ಪ ಮಾತು ಬಿಡಬಹುದು. ಅಮ್ಮ ಅಳಬಹುದು. ಅವರು ಕೇಳೋ ಮೊದಲನೇ ಪ್ರಶ್ನೆನೂ ಅದೇ. ಆದ್ರೆ ಅವರು ಕೇಳೋ ತನಕ ನಾನು ಕಾಯಲ್ಲ. ನಿಮ್ಮವ್ವ ಹೇಳಿದ ಹಾಗೆ ನಾನೇ ಮೊದಲು ಹೇಳ್ತೀನಿ. ಅವರಿಗೆ ಹಿಡಿಸದಿದ್ರೂ ನಾನು ನಿಮ್ಮ ಜೊತೆಗೇ."

ಕವನಾ ಅವನತ್ತ ತಿರುಗಿ ಕೂತಳು. "ಅದಕ್ಕೂ ಮೊದಲು ನಮ್ಮನೆಗೆ ಬರಬೇಕು. ನಮ್ಮಪ್ಪ ನೀರು ಕೊಡ್ತಾನೆ."

"ಹೊಳೆನರಸೀಪುರದಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿದ್ದೀನಿ. ಎರಡು ಲೋಟ ಬೇಕಾಗತ್ತೆ."

ಅವಳು ನಕ್ಕುಬಿಟ್ಟಳು.

"ಅವತ್ತು ಸೇತುವೆ ಮೇಲೆ ಏನೋ ಕೇಳಬೇಕು ಅಂದ್ರಲ್ಲ... ಏನದು?"

ಕೇದಾರ ಡಬ್ಬದ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ. "ನಿಮ್ಮ ಹೆಸರು" ಎಂದ. "ಬೆಳ್ಳಕ್ಕಿ ಅಲ್ಲ. ಮನೇಲಿ ಕರೆಯೋ ಹೆಸರು. ಇಷ್ಟಪಟ್ಟೋರ ಹೆಸರೇ ಗೊತ್ತಿಲ್ಲ ಅಂದ್ರೆ ಎಷ್ಟು ಕಷ್ಟ ಗೊತ್ತಾ?"

"ಕವನಾ."

"ಕವನಾ" ಎಂದ ಅವನು. ಮತ್ತೆ ಒಂದು ಸಲ, ತನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

*

ಮುಂದಿನ ಭಾನುವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ. ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿಂದ ಬಾಗೂರಿನ ಬಸ್ಸು ಹತ್ತಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣ್ಣಿನ ಚೀಲ ಹಿಡಿದು, ಸರ್ವೇಯರ್ ಸಾಹೇಬರು ಧೈರ್ಯವಾಗಿ ಅರಕಲಗೂಡಿನ ಬಸ್ಸಿನ ಕಡೆಗೆ ನಡೆದರು.

"ರೀ, ಅಲ್ಲಲ್ಲ" ಎಂದಳು ಕವನಾ ಹಿಂದಿನಿಂದ.

ಅವನು ಜನರ ಮಧ್ಯೆ ನಿಂತು ಸುತ್ತ ನೋಡಿದ. ಅವಳು ಕಾಣಲಿಲ್ಲ.

"ಕವನಾ, ನೀವು ಯಾವ ಕಡೆ?"

ಅದೇ ಮಾತು. ಅವಳು ಹೊಟ್ಟೆಯೊಳಗೆ ಏನಾದರೂ ಬಿಗಿಯಬಹುದೆಂದು ಕಾದಳು. ಏನೂ ಬಿಗಿಯಲಿಲ್ಲ. ಬಸ್ಸಿನ ಹಾರನ್ನು, ಕಡಲೆಕಾಯಿ ಮಾರುವವರ ಕೂಗು, ಅದರ ನಡುವೆ ತನ್ನನ್ನು ಹುಡುಕುತ್ತಿರುವ ಒಂದು ದನಿ.

ಕೈ ಎತ್ತಿದಳು. "ಈ ಕಡೆ. ನನ್ನ ಕಡೆ ಬನ್ನಿ."

"ಬಂದೆ" ಎಂದ ಅವನು.